ಕಡೇ ಹುಕ್ಕು

ಸೆಪ್ಟೆಂಬರ್ 9, 2003

ಫ್ಯಾಷನ್ ಡಿಸೈನ್ ಕ್ಲಾಸಿನಲ್ಲಿ ಇಂದಿನ ಜ್ಞಾನೋದಯ: ಒಬ್ಬಳಿಗೆಂದೇ ಅಳತೆ ತೆಗೆದು ಕೈಯಲ್ಲಿ ಹೊಲಿದರೆ ಅದು ‘ಓತ್ ಕುಟ್ಯೂರ್’. ಪ್ಯಾರಿಸ್ಸಿನ ಮ್ಯೂಸಿಯಮ್ಮುಗಳಲ್ಲಿ ಗಾಜಿನೊಳಗೆ ಇಡುತ್ತಾರಂತೆ. ಹಾಗಾದರೆ ನಮ್ಮ ಕೆಂಪಯ್ಯ ಮಾವ ತುಮಕೂರಿನ ಟೈಲರ್ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಮಾಡುತ್ತಿರುವ ಘನಕಾರ್ಯ ಅದೇ. ಪಾಪ, ಅವನಿಗೇ ಗೊತ್ತಿಲ್ಲ. ಸಂಜೆ ಶುಭಸಮಾಚಾರ ತಿಳಿಸಿದೆ.

“ಕಾಜಾ ಹಾಕು ನೇತ್ರಾ ಮೊದ್ಲು,” ಅಂದ.

ಸೆ. 13

ಸೋಮವಾರ ಇನ್‌ಸ್ಟಿಟ್ಯೂಟಿನಲ್ಲಿ ‘ಉಡುಪು ಮ್ಯೂಸಿಯಂ’. ಎಲ್ಲರೂ ಈಗಿನ ಫ್ಯಾಷನ್ನೇ ತರುತ್ತಾರೆ — ಲೋ ವೇಸ್ಟ್ ಜೀನ್ಸ್, ಕ್ಯಾಪ್ರಿ, ಹಾಲ್ಟರ್ ನೆಕ್. ನಾನು ಮಾವನ ಪೆಟ್ಟಿಗೆಗೆ ಕೈ ಹಾಕಿದೆ. ಹೊಲಿಸಿ ಯಾರೂ ಒಯ್ಯದ ಬ್ಲೌಸುಗಳು. ತಳದಲ್ಲಿ ಒಂದು — ನವಿಲುಬಣ್ಣದ ರೇಷ್ಮೆ, ಪಫ್ ತೋಳು, ಬೆನ್ನಿಗೆ ಮಣಿ ಕಸೂತಿ. ಚೀಟಿಯಲ್ಲಿ 1994. ಕಡೇ ಹುಕ್ಕಿಲ್ಲ. ಗಿರಾಕಿ ಬಂದು ತೊಟ್ಟು ‘ಸರಿ’ ಅಂದ ಮೇಲೇ ಕಡೇ ಹುಕ್ಕು, ಮಾವನ ಪದ್ಧತಿ.

ಕೇಳದೇ ಎತ್ತಿಕೊಂಡೆ. ತೊಟ್ಟು ನೋಡಿದೆ… ನನಗೇ ಅಳತೆ ತೆಗೆದಂತಿತ್ತು. ಯಾಕೋ ಬೇಗ ಬಿಚ್ಚಿಬಿಟ್ಟೆ.

ಸೆ. 15

ಬೊಂಬೆಗೆ ತೊಡಿಸಿ ಕಾರ್ಡು ಇಟ್ಟೆ. ಪರಮ ಗಾಂಭೀರ್ಯದಿಂದ ರಚಿಸಿದ್ದು: “ಪ್ಯಾರಿಸ್ ಶೈಲಿ, 1994. ಕಡೇ ಹುಕ್ಕಿಗೆ ಮುನ್ನವೇ ಇದರ ಒಡತಿ ದೂರದೂರಿನಲ್ಲಿ ತೀರಿಕೊಂಡಳು. ದಯವಿಟ್ಟು ಒಂದು ನಿಮಿಷ ಮೌನ.” ಹುಡುಗಿಯರು ನಿಜಕ್ಕೂ ಆಚರಿಸಿದರು! ಮೇಡಂ ಕೂಡ! ನಾನು ಕರ್ಚೀಫಿನೊಳಗೆ ನಕ್ಕು ನಕ್ಕು…

ಮಧ್ಯಾಹ್ನ ಒಬ್ಬರು ಕದಲಲೇ ಇಲ್ಲ. ಉಪ್ಪಾರಹಳ್ಳಿಯ ಮಹಾಲಕ್ಷ್ಮಮ್ಮ, ತಮ್ಮ ಪಕ್ಕದ ಮನೆ ಹುಡುಗಿಯ ಜೊತೆ ನೋಡಲು ಬಂದವರು. ಕಾರ್ಡಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಮಣಿಗಳನ್ನು ಸವರಿದರು.

“ಈ ಮಣಿ ನಾನೇ ಹಾಕಿದ್ದು, ಬಟ್ಟೆ ಹೊಲಿಯಾಕ್ ಕೊಡೋ ಮೊದ್ಲೇ. ನನ್ ಮಗಳು ಸ್ವರ್ಣಲತಾದು ಕಣವ್ವ ಇದು. ಎಲ್ಲಿ ಸತ್ಲು? ನಿಂಗ್ಯಾರ್ ಹೇಳಿದ್ರು?”

ತಮಾಷೆಗೆ ಬರೆದದ್ದು ಅಂದೆ.

“ಸಾವ್ನ ಯಾರವ್ವ ತಮಾಷೆಗೆ ಬರೀತಾರೆ? ಮುಚ್ಚಿಡಬ್ಯಾಡ.”

ಸೆ. 16

ಮಾವನಿಗೆ ಎಲ್ಲ ಹೇಳಿದೆ. ಬೈಯುವ ಬದಲು ಆ ಹುಡುಗಿಯ ಕತೆ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಸ್ವರ್ಣಲತಾ ಬ್ಲೌಸಿಗೆ ಅಳತೆ ಕೊಟ್ಟ ವಾರವೇ ಕುಣಿಗಲ್ ಬಸ್ ಹತ್ತಿದಳಂತೆ. ಒಂಬತ್ತು ವರ್ಷ. ಸುದ್ದಿಯೇ ಇಲ್ಲ. ಪ್ರತಿ ಮಹಾಲಯ ಅಮಾವಾಸ್ಯೆಗೆ, ತೀರಿಕೊಂಡ ಹಿರಿಯರಿಗೆ ಹೊಸ ಬಟ್ಟೆಯಿಟ್ಟು ಎಡೆ ಹಾಕುವಾಗ, ‘ಅವಳಿಗೂ ಇಡು’ ಅಂತ ನೆಂಟರು ಹೇಳುತ್ತಾರಂತೆ. ತಾಯಿ ಒಮ್ಮೆಯೂ ಇಟ್ಟಿಲ್ಲ. ಬರುತ್ತಾಳೆ ಅಂತ.

ಸೆ. 24

ಬರೆಯಲಾಗಿರಲಿಲ್ಲ. ಅಂಗಡಿಯ ಕನ್ನಡಿಯಲ್ಲಿ ನನ್ನ ಹಿಂದೆ ಯಾರೋ ಅಳತೆ ಕೊಡಲು ಕೈ ಎತ್ತಿ ನಿಂತಂತೆ… ತಿರುಗಿದರೆ ಬರೀ ಹ್ಯಾಂಗರು. ಹಗಲಲ್ಲೇ.

ಇವತ್ತು ಮಹಾಲಕ್ಷ್ಮಮ್ಮ ಬಂದರು. “ಕೆಂಪಯ್ಯ, ಹುಕ್ಕಾಕ್ಕೊಡಪ್ಪ. ನಾಳೆ ಅಮಾಸೆ, ಎಡೆಗಿಡ್ತೀನಿ.”

“ಹುಡುಗಿ ಬಂದು ತೊಡೋವರ್ಗೂ ನಾನಾಕಲ್ಲ ಕಣಕ್ಕ.” ಮಾವ ಸೂಜಿಯನ್ನು ನನ್ನ ಮುಂದಿಟ್ಟ. “ಸತ್ಲು ಅಂತ ಬರ್ದೋಳು ಇವ್ಳು. ಇವ್ಳೇ ಹಾಕ್ಲಿ.”

“ಸುಳ್ಳು ಕಣಮ್ಮ ಅದು. ನಂಗೇನೂ ಗೊತ್ತಿಲ್ಲ,” ಅಂದೆ.

“ಸುಳ್ಳಾದ್ರೆ, ಬದುಕವ್ಳೆ ಅಂತ ಬರ್ಕೊಡು. ಅದೇ ಕೈಲಿ. ಎಡೆ ಇಡಲ್ಲ, ಇನ್ನೂ ಕಾಯ್ತೀನಿ. ಇಲ್ಲಾಂದ್ರೆ ಹುಕ್ಕು ಹಾಕು. ಬೆಳಿಗ್ಗೆ ಬರ್ತೀನಿ.”

ಸೆ. 25, ಬೆಳಿಗ್ಗೆ 8

ಅಂಗಡಿಯಲ್ಲಿ ಒಬ್ಬಳೇ. ಅದೇ ಸೈಜಿನ ಕಾರ್ಡು, ಅದೇ ಪೆನ್ನು. ಪಕ್ಕದಲ್ಲಿ ಬ್ಲೌಸು, ದಾರ ಪೋಣಿಸಿದ ಸೂಜಿ. ಸತ್ತಳು ಅಂತ ಬರೆಯಲು ಎರಡು ನಿಮಿಷ ಹಿಡಿದಿರಲಿಲ್ಲ. ನಗುತ್ತಾ ಬರೆದಿದ್ದೆ. ಬೆಳಗಿನಿಂದ ಕೂತು ‘ಸ್ವರ್ಣಲತಾ’ ಅಂತಷ್ಟೇ ಆಗಿದೆ.

ಹೊರಗೆ ಚಪ್ಪಲಿ ಬಿಡುವ ಸದ್ದು.

ಮುಂದಿನ ಅಕ್ಷರ ಇನ್ನೂ…