ನಡುರಸ್ತೆ ಈಗ ನಡೆಯುವವರದು

ಕ್ಯಾಂಪಸ್ ಕ್ವಾರ್ಟರ್ಸ್
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಎಂಜಿನ್ ಕೋಣೆಯ ಸೆಖೆಯಲ್ಲಿ ನೀರು ಕುಡಿಯುವುದನ್ನೇ ಮರೆಯುತ್ತೀಯ, ನನಗೆ ಗೊತ್ತು. ಮೊದಲು ಒಂದು ಲೋಟ ನೀರು ಕುಡಿ, ಆಮೇಲೆ ಈ ಕಾಗದ ಓದು. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಸುಮ್ಮನೆ ಬರೆಯುವ ಮಾತಲ್ಲ, ಈ ಸಲ ನಿಜವಾಗಿಯೂ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಹಡಗಿನ ಸಿಗ್ನಲ್ಲು ಹಲೋ ಅನ್ನುವುದರೊಳಗೆ ಪ್ರಾಣ ಬಿಡುತ್ತದೆ.

ಹೋದ ವರ್ಷ ಲೈಬ್ರರಿ ಎದುರಿನ ತಿರುವಿನಲ್ಲಿ ಆ ಬೈಕು ಬಡಿದ ಮೇಲೆ ಅತ್ತಿಗೆಯ ಕಾಲಿನ ಮೂಳೆಯೇನೋ ಕೂಡಿತು, ಹೆದರಿಕೆ ಮಾತ್ರ ಹೋಗಿರಲಿಲ್ಲ. ಮನೆ ಬಾಗಿಲಲ್ಲಿ ಕಾರು ಹತ್ತಿ ಭೌತಶಾಸ್ತ್ರ ವಿಭಾಗದ ಬಾಗಿಲಲ್ಲಿ ಇಳಿಯುತ್ತಿದ್ದರು, ಪಾಠ ಮಾಡಿ ಮುಗಿಸಿದ ತಕ್ಷಣ ವಾಪಸ್. ಡ್ರೈವರು ನಾನೇ. ದಿನವೂ ಹಾಗೆ ಕರೆದುಕೊಂಡು ಹೋಗುವಾಗ ಗಮನಿಸಿದೆ, ಇಡೀ ಕ್ಯಾಂಪಸ್ಸೇ ಅತ್ತಿಗೆಯ ಹಾಗೆ ಬದುಕುತ್ತಿತ್ತು. ಎಲ್ಲರೂ ತಂತಮ್ಮ ವಿಭಾಗದ ಮುಂದೆ ಗಾಡಿ ನಿಲ್ಲಿಸಿ ಒಳಗೆ ಹೋದರೆ ಸಂಜೆ ಅದೇ ಗಾಡಿಯಲ್ಲಿ ಹೊರಗೆ. ಪಕ್ಕದ ಕಟ್ಟಡದಲ್ಲಿ ಯಾರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ನಡೆದು ಹೋಗುವ ಹುಡುಗ ಹುಡುಗಿಯರು ಗಾಡಿಗಳ ನಡುವೆ ಮೈ ಹಿಡಿಮಾಡಿಕೊಂಡು ನುಸುಳಬೇಕಿತ್ತು.

ಕಟ್ಟಡ ವಿಭಾಗದಲ್ಲಿ ಕೂತು ನಕ್ಷೆ ಬರೆಯುವುದೇ ನನ್ನ ಕೆಲಸವಲ್ಲವಾ, ಬರೆದೆ. ನಡುರಸ್ತೆಗೆ ಗಾಡಿ ಬಿಡುವುದು ಬೇಡ, ಪಾರ್ಕಿಂಗ್ ಎಲ್ಲ ಗೇಟಿನ ಹತ್ತಿರ ಇರಲಿ, ಹಾಸ್ಟೆಲಿನಿಂದ ಲೈಬ್ರರಿವರೆಗೆ ಮೆಟ್ಟಿಲಿಲ್ಲದ ಒಂದೇ ದಾರಿ, ಅದರುದ್ದಕ್ಕೂ ಮರ, ದೀಪ, ಬೆಂಚು. ನಮ್ಮ ರಿಜಿಸ್ಟ್ರಾರ್ ಸಾಹೇಬರು ಕೆಂಡವಾದರು. ಗೇಟು ದಾಟುವ ಮೊದಲೇ ಹಾರ್ನ್ ಬಾರಿಸುವ ಅವರಿಗೆ ಹುಡುಗರು ಹಾರ್ನ್ ಸಾಹೇಬರು ಅಂತಲೇ ಹೆಸರಿಟ್ಟಿದ್ದಾರೆ. "ಇಲ್ಲಿಗೆ ಓದೋಕೆ ಬರ್ತಾರಮ್ಮ, ನಡೆಯೋಕಲ್ಲ" ಅಂದರು. ಕುಲಪತಿಗಳು ಹೇಗೋ ಒಂದು ತಿಂಗಳ ಪ್ರಯೋಗಕ್ಕೆ ಒಪ್ಪಿದರು. ಅದು ಕೈಕೊಟ್ಟರೆ ಮತ್ತೆ ಈ ಮಾತೇ ಎತ್ತಬಾರದು ಅನ್ನುವುದು ಕರಾರು.

ಮೊದಲ ವಾರ ನಾನು ಮುಖ ಮುಚ್ಚಿಕೊಂಡು ಓಡಾಡಿದೆ. ದಾರಿಯಲ್ಲಿ ಜನ ನಡೆಯುತ್ತಿದ್ದರು, ನಿಲ್ಲುತ್ತಿರಲಿಲ್ಲ. ಬೆಂಚುಗಳನ್ನು ಬಸ್‌ಸ್ಟಾಪಿನ ಹಾಗೆ ಒಂದೇ ಸಾಲಿಗೆ ಹಾಕಿಸಿದ್ದೆ, ಕಾಗೆಗಳು ಮಾತ್ರ ಕೂತವು. ಒಂದು ಬೆಳಿಗ್ಗೆ ನೋಡುತ್ತೇನೆ, ಹಾಸ್ಟೆಲಿನ ಹುಡುಗಿಯರು ಎರಡು ಬೆಂಚು ಎಳೆದು ಎದುರುಬದುರು ಮಾಡಿಕೊಂಡು ಹರಟೆ ಹೊಡೆಯುತ್ತಿದ್ದಾರೆ. ಕೂಡಲೇ ಉಳಿದವನ್ನೂ ಹಾಗೇ ತಿರುಗಿಸಿದೆವು. ಆಮೇಲೆ ಸಂಜೆ ಹೊತ್ತು ಅಲ್ಲಿ ಜಾಗ ಹಿಡಿಯುವುದೇ ಕಷ್ಟವಾಯಿತು. ಕ್ಯಾಂಟೀನಿನವರು ಚಹಾದ ಗಾಡಿಯನ್ನು ದಾರಿಗೇ ತಂದರು.

ಅತ್ತಿಗೆಯನ್ನು ನಾನು ಕರೆಯಲಿಲ್ಲ, ಅಣ್ಣಾ. ಕರೆದರೆ ನನ್ನ ಸಲುವಾಗಿ ಬರುತ್ತಾರೆ, ಬಂದು ನಡುಗುತ್ತಾರೆ ಅಂತ ಭಯ. ಮೊನ್ನೆ ಗುರುವಾರ ಪಾಠ ಮುಗಿದ ಮೇಲೆ ನಾನು ಎಂದಿನಂತೆ ಗೇಟಿನಿಂದ ಹಿಂಬದಿಯ ರಸ್ತೆಯಲ್ಲಿ ಕಾರು ತರೋಣ ಅಂತ ಹೊರಟೆ. "ಇರಲಿ, ಸ್ವಲ್ಪ ದೂರ ನೋಡೋಣ" ಅಂದರು. ನನ್ನ ಕೈ ಹಿಡಿದುಕೊಂಡರು. ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ಅಷ್ಟರಲ್ಲಿ ಅವರ ತರಗತಿಯ ಇಬ್ಬರು ಹುಡುಗಿಯರು ಬಂದು ಏನೋ ಲೆಕ್ಕ ಕೇಳಿದರು. ಅತ್ತಿಗೆ ಉತ್ತರ ಹೇಳಲು ಶುರುಮಾಡಿ, ಗಾಳಿಯಲ್ಲಿ ಗೆರೆ ಎಳೆಯುವುದಕ್ಕೆ ನನ್ನ ಕೈ ಬಿಟ್ಟರು. ನಾನು ಬೇಕೆಂದೇ ಹಿಂದೆ ಉಳಿದೆ. ಆ ತಿರುವು ಬಂತು. ಅತ್ತಿಗೆ "ಅಲ್ಲ ಕಣೇ, ಬಲ ಯಾವ ದಿಕ್ಕಿಗಿದೆ ಅಂತ ಮೊದಲು ನೋಡಬೇಕು" ಅನ್ನುತ್ತಾ ಆ ಜಾಗ ದಾಟಿಯೇಬಿಟ್ಟರು. ಲೈಬ್ರರಿ ಬಾಗಿಲಲ್ಲಿ ಹುಡುಗಿಯರು ಒಳಗೆ ಹೋದ ಮೇಲೆ ತಿರುಗಿ "ಆಗಲೇ ಬಂದುಬಿಟ್ಟೆವಾ?" ಅಂದರು. ನಾನು ತಿರುವಿನ ಕಡೆ ಕೈ ತೋರಿಸಿದೆ. ಅವರೇ ಒಂದು ಸಲ ವಾಪಸ್ ಹೋಗಿ ತಿರುವಿನಲ್ಲಿ ನಿಂತು, ನೆಲ ನೋಡಿ ಬಂದರು. ಚಹಾ ಕುಡಿದೆವು. ನಾನು ಅತ್ತುಬಿಟ್ಟೆ, ಅವರು ನಕ್ಕರು.

ಶುಕ್ರವಾರದ ಸಭೆಯಲ್ಲಿ ದಾರಿಯನ್ನು ಹೀಗೇ ಉಳಿಸುವುದೆಂದು ತೀರ್ಮಾನವಾಯಿತು. ಹಾರ್ನ್ ಸಾಹೇಬರು ಮುಖ ಸಿಂಡರಿಸಿಕೊಂಡೇ ಕೈ ಎತ್ತಿದರು. "ನನ್ನ ಸಕ್ಕರೆ ಇಳಿದಿದೆ ಅಂತ ಡಾಕ್ಟರು ಬೇರೆ ಹಲ್ಲು ಕಿರೀತಾರೆ, ಇನ್ನೇನು ಹೇಳಲಿ" ಅಂದರು. ಆ ರಾತ್ರಿ ಬಹಳ ದಿನಗಳ ಮೇಲೆ ಕಣ್ಣುತುಂಬ ನಿದ್ದೆ ಮಾಡಿದೆ.

ಹೊತ್ತುಹೊತ್ತಿಗೆ ಉಣ್ಣು, ಹಡಗಿನಲ್ಲಿ ಯಾರ ಜೊತೆಯೂ ಜಗಳಕ್ಕೆ ನಿಲ್ಲಬೇಡ. ನಿನ್ನ ಅಡುಗೆಯವರಿಗೂ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ತಲೆಹರಟೆ ತಂಗಿ

ತಾ.ಕ.: ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಲು ಹೊರಟಿದ್ದೇನೆ, ಬೇಗ ಬರೆಯುತ್ತೇನೆ. ಕೆಲಸ ಬಿಟ್ಟು ಬಂದುಬಿಡುತ್ತೇನೆ ಅಂತ ನನಗೊಬ್ಬಳಿಗೇ ಹೇಳಿದ್ದೆಯಲ್ಲ, ಅದು ನಿನ್ನೆ ಬಾಯಿತಪ್ಪಿ ಅತ್ತಿಗೆಯ ಮುಂದೆ ಬಂದುಬಿಟ್ಟಿತು. ಬೈಯಬೇಡ. ಅವರು "ನನ್ನನ್ನು ಕಾಯೋಕೆ ಅಂತ ಬರೋದಾದರೆ ಬೇಡ ಅಂತ ಬರಿ. ನನ್ನ ಜೊತೆ ಇರೋಣ ಅನ್ನಿಸಿದರೆ ಬರಲಿ" ಅಂದರು. ಎರಡೂ ಒಂದೇ ಅಲ್ಲವಾ ಅಂತ ಕೇಳಿದೆ. "ಅವರಿಗೆ ಅರ್ಥವಾಗುತ್ತೆ" ಅಂತ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಒಬ್ಬರೇ ನಡೆದುಕೊಂಡು ಲೈಬ್ರರಿಗೆ ಹೋದರು.