ಸಭಾಂಗಣದಲ್ಲಿ ನಿನ್ನ ಹೆಸರು ಕರೆದರು

ಪುಟ್ಟೀ,

ಪ್ರತಿ ವರ್ಷ ಕರೆಯುತ್ತಿದ್ದೆಯಲ್ಲ, ನಿನ್ನ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಅಂತೂ ಇವತ್ತು ಬಂದೆ. ಅಧ್ಯಾಪಕರ ಸಾಧನೆಗಳನ್ನು ಓದಿ ಹೇಳುವ ಸಭೆ. ನಿನ್ನ ಸಂಶೋಧನೆಗೆ ಅನುದಾನ ಮಂಜೂರಾಗಿದೆ, ಮನೆಯವರು ಯಾರಾದರೂ ಬನ್ನಿ ಎಂದು ಕಚೇರಿಯಿಂದ ಫೋನ್ ಬಂದಿತ್ತು. ನೀನು ಹೋದ ಮೇಲೆ ಬಂದ ಅನುದಾನ. ಹೋಗಿ ಕೊನೆಯ ಸಾಲಿನಲ್ಲಿ ಕೂತೆ.

ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಹೊಸಬರು, ನಿನ್ನನ್ನು ಕಂಡವರಲ್ಲ. ನಿನ್ನ ಹೆಸರು ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು.

"ಮೇಡಂ ಇನ್ನೂ ಕ್ಯಾಂಟೀನಲ್ಲೇ ಇದಾರೋ ಏನೋ. ಅನುದಾನ ಬಂತಲ್ಲ, ಇನ್ನು ನಮ್ಮ ಕೈಗೆಲ್ಲಿ ಸಿಗ್ತಾರೆ?"

ಜನ ನಕ್ಕರು. ವೇದಿಕೆಯ ಮೇಲಿದ್ದ ನಿನ್ನ ವಿಭಾಗದ ಮುಖ್ಯಸ್ಥರೂ ನಕ್ಕರು. ನಿನ್ನ ಮಣ್ಣಿಗೆ ಬಂದು ನನ್ನ ಕೈ ಹಿಡಿದು ಅತ್ತವರು ಅವರೇ.

ನಗು ನಿಂತ ಮೇಲೆ ಅವರು ಎದ್ದರು. "ಪರವಾಗಿಲ್ಲ, ನಾನೇ ತಗೋತೀನಿ. ಆ ಯೋಜನೆ ಈಗ ನಾನೇ ನೋಡ್ಕೋತಿರೋದು" ಎಂದು ಮಂಜೂರಾತಿ ಪತ್ರ ಪಡೆದು, ಫೋಟೊ ತೆಗೆಸಿಕೊಂಡರು. ನೀನು ಸತ್ತಿದ್ದೀಯ ಎಂದು ಮಾತ್ರ ಹೇಳಲಿಲ್ಲ.

ಪಕ್ಕದ ಕುರ್ಚಿಯ ಹೆಂಗಸು ನನ್ನ ಕಡೆ ವಾಲಿದಳು. "ಈಗಿನ ಹುಡುಗೀರಿಗೆ ಎಷ್ಟು ಕೊಬ್ಬು ನೋಡಿ. ಕರೆದ್ರೂ ಬರಲ್ಲ. ಹೆತ್ತೋಳು ಬುದ್ಧಿ ಹೇಳಿಲ್ಲ, ಅಷ್ಟೇ."

ನಾನು ವೇದಿಕೆಯ ಕಡೆಗೇ ನೋಡುತ್ತಿದ್ದೆ.

"ನಿಮ್ಮೋರು ಯಾರಾದ್ರೂ ಇದಾರಾ ಇಲ್ಲಿ?" ಎಂದು ಕೇಳಿದಳು.

ಯಾರೂ ಇಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ.

ಅಮ್ಮ