ಸನ್ನೆಗೂ ಮುಂಚೆ ಬಂದ ನೀರು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಮಗಳ ಬಾಣಂತನಕ್ಕೆಂದು ಹೋದವರು ಅಲ್ಲಿ ನೀವೇ ಹಾಸಿಗೆ ಹಿಡಿದೀರಿ, ಜೋಕೆ. ಮಗುವಿಗೆ ನಿಮ್ಮದೇ ಮೂಗಂತೆ. ಪಾಪ, ಬೆಳೆಯುತ್ತಾ ಸರಿಹೋಗುತ್ತದೆ ಬಿಡಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೂತೆ, ಕೈ ಓಡಲಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಿ ನನಗೆ ದಕ್ಕುವುದಿಲ್ಲ. ನಿಮ್ಮ ದೊಡ್ಡ ಮಗ ಚೆನ್ನಾಗಿಲ್ಲ, ಅತ್ತೆ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಕೂತಿರುತ್ತಾರೆ. ನಿಮ್ಮ ಅಳಿಯಂದಿರು ಇವತ್ತು ಬಂದದ್ದು ಒಳ್ಳೆಯದಾಯಿತು, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಅಗ್ನಿಶಾಮಕ ದಳದ ಗಾಡಿಯಲ್ಲಿ ಇವರೇ ಪಂಪಿಗೆ ನಿಂತಿದ್ದ ಆ ಗೋದಾಮಿನ ಬೆಂಕಿ ನಿಮಗೆ ನೆನಪಿರಬೇಕು. ಟ್ಯಾಂಕಿನ ಬಾಯಿಗೆ ಕಸ ಸಿಕ್ಕಿ ನೀರು ತಡವಾಗಿ ಬಂತು, ಒಳಗಿದ್ದ ಕಾವಲುಗಾರ ಉಳಿಯಲಿಲ್ಲ. ಪಂಪಿನವನ ತಪ್ಪೇನೂ ಇಲ್ಲ ಎಂದು ವಿಚಾರಣೆ ಮಾಡಿದವರೇ ಹೇಳಿದರು. ಇವರ ತಲೆಗೆ ಮಾತ್ರ ಅದು ಇಳಿಯಲೇ ಇಲ್ಲ. ಅದರ ಮೇಲೆ ಇಬ್ಬರು ಕೆಲಸ ಬಿಟ್ಟರೆಂದು ಅವರ ಪಾಳಿಯೂ ಇವರ ತಲೆಗೇ ಬಿತ್ತು. ಈಗ ಕುಕ್ಕರ್ ಕೂಗಿದರೂ ಬೆಚ್ಚಿ ಏಳುತ್ತಾರೆ. ಊಟ ನಿಂತುಕೊಂಡೇ. ಮೊನ್ನೆ ನಮ್ಮ ಪುಟ್ಟಿ ತಟ್ಟೆ ಬೀಳಿಸಿದ್ದಕ್ಕೆ ಮನೆ ಕಿತ್ತುಹೋಗುವ ಹಾಗೆ ಕೂಗಾಡಿ, ಆಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ, ಪುಣ್ಯಾತ್ಮ.

ಪೈಪ್ ಹಿಡಿದವನು ಕಾಲೂರಿ ನಿಂತು, ಹಿಂದೆ ತಿರುಗಿ ಕೈ ಎತ್ತಿದ ಮೇಲೆಯೇ ಪಂಪಿನವನು ನೀರು ಬಿಡಬೇಕು. ಹೊಸಬರಿಗೆಲ್ಲ ಇದನ್ನು ಬೈದು ಬೈದು ಕಲಿಸಿದವರೇ ಇವರು. ಹೋದ ವಾರ ಕುರ್ಚಿ ಮೇಜಿನ ಅಂಗಡಿಗೆ ಬೆಂಕಿ ಬಿದ್ದಾಗ, ಮುಂದಿದ್ದವನು ಇನ್ನೂ ಪೈಪ್ ಬಿಡಿಸುತ್ತಿರುವಾಗಲೇ ಇವರು ಪೂರ್ತಿ ರಭಸಕ್ಕೆ ನೀರು ಬಿಟ್ಟುಬಿಟ್ಟರು. ಪೈಪ್ ಎಗರಿ ಅವನನ್ನು ಗೋಡೆಗೆ ಅಪ್ಪಳಿಸಿತು, ಹಣೆ ಒಡೆಯಿತು. ಇವರು ಮಾತ್ರ ಇವತ್ತಿಗೂ "ಕೈ ಎತ್ತಿದ್ದ ಕಣೇ, ನಾನು ಕಣ್ಣಾರೆ ನೋಡ್ದೆ" ಅನ್ನುತ್ತಾರೆ. ಆ ಕೈಯನ್ನು ಬೇರೆ ಯಾರೂ ನೋಡಿಲ್ಲ. ನನಗೆ ಭಯವಾಗುವುದು ಅದಕ್ಕೇ.

ಇವರ ಸಾಹೇಬರು ಒಳ್ಳೆಯವರು. "ನಾಳೆ ಬಂದು ಇದ್ದದ್ದು ಇದ್ದ ಹಾಗೆ ಹೇಳು. ಡಾಕ್ಟರ ಹತ್ತಿರ ಕಳಿಸ್ತೀನಿ, ರಜ ಕೊಡ್ತೀನಿ, ನಿನ್ನ ಕೆಲಸ ಎಲ್ಲೂ ಹೋಗಲ್ಲ" ಅಂದಿದ್ದಾರೆ. ಇವರಿಗೆ "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುವ ಜಂಬ. ಇವರ ಸ್ಟೇಷನ್ನಿನಲ್ಲಿ ಹೆದರಿ ರಜ ಕೇಳಿದವನಿಗೆ "ಆರಿಹೋದವನು" ಎಂದು ಹೆಸರಂತೆ. ಹಿಂದೆ ಒಬ್ಬ ಡ್ರೈವರಿಗೆ ಹಾಗೆ ಕರೆದು ನಕ್ಕವರಲ್ಲಿ ಇವರೂ ಒಬ್ಬರು, ಈಗ ಆ ಹೆಸರು ತನಗೇ ಬಂದೀತೆಂದು ಸಂಕಟ. ಆ ಹೆಸರಿಗಿಷ್ಟು ಬೆಂಕಿ ಬೀಳಲಿ ಅಂದೆ. ಆರಿಸೋಕೆ ನಾನೇ ಹೋಗಬೇಕಲ್ಲೇ ಅಂದರು. ಇಬ್ಬರಿಗೂ ನಗು ಬಂತು. ಸಿಟ್ಟೂ ಬರುತ್ತದೆ ಅತ್ತೆ, ಅಯ್ಯೋ ಅನ್ನಿಸುತ್ತದೆ ಕೂಡ.

ಎಣ್ಣೆ ಹಚ್ಚಿ ಮಂಡಿ ಉಜ್ಜಿಸಿಕೊಳ್ಳಿ, ಮಗಳ ಮನೆಯೆಂದು ದಾಕ್ಷಿಣ್ಯ ಬೇಡ. ಬಾಣಂತಿಗೆ ನನ್ನ ನೆನಪು ಹೇಳಿ, ಮಗುವಿನ ಆ ಮೂಗಿಗೊಂದು ಮುತ್ತು ಕೊಡಿ. ನಿಮ್ಮ ಆಶೀರ್ವಾದ ನಮಗೆ ಯಾವತ್ತಿಗಿಂತ ಈಗ ಹೆಚ್ಚು ಬೇಕು.

ನಿಮ್ಮ ಸೊಸೆ

ಮರೆತೆ ಅನ್ನಬೇಡಿ, ಬರೆಯಲು ಧೈರ್ಯ ಬಂದಿರಲಿಲ್ಲ. ನಿಮ್ಮ ಅಳಿಯಂದಿರು ಬೂಟು ಹಾಕಿಕೊಳ್ಳುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಹಣೆ ಒಡೆದುಕೊಂಡವನು ನಮ್ಮ ಚಿಕ್ಕವನೇ, ಅಣ್ಣನ ಕಣ್ಣ ಮುಂದಿರಲಿ ಎಂದು ನೀವೇ ಅದೇ ಸ್ಟೇಷನ್ನಿಗೆ ಸೇರಿಸಿದ ನಿಮ್ಮ ಕಿರಿಮಗ. ಗಾಬರಿಯಾಗಬೇಡಿ, ಓಡಾಡಿಕೊಂಡಿದ್ದಾನೆ. ನಿಮಗೆ ಹೇಳಕೂಡದೆಂದು ಇಬ್ಬರೂ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಇವರು ಪಂಪಿಗೆ ನಿಂತರೆ ಉಳಿದವರೆಲ್ಲ ಏನಾದರೊಂದು ನೆಪ ಹೇಳಿ ಪೈಪಿನಿಂದ ಜಾರಿಕೊಳ್ಳುತ್ತಿದ್ದಾರಂತೆ. ಚಿಕ್ಕವನು ನಾಳೆ ಮತ್ತೆ ಕೆಲಸಕ್ಕೆ ಹೋಗುತ್ತಾನೆ. "ಅಣ್ಣನಿಗೆ ಆಗಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ ಅತ್ತಿಗೆ, ನಾನೇ ಪೈಪ್ ಹಿಡೀತೀನಿ" ಅಂದ. ಇವತ್ತು ಸಂಜೆಯೇ ನಿಮ್ಮ ದೊಡ್ಡ ಮಗನಿಗೆ ಫೋನ್ ಮಾಡಿ. ಬೈಯಿರಿ, ಬೇಡಿ, ಅಳಿ, ಏನಾದರೂ ಮಾಡಿ ಅತ್ತೆ, ನಾಳೆ ಸಾಹೇಬರ ಮುಂದೆ ನಿಜ ಹೇಳಿಸಿ.